ವಿಂಡೋಸ್ ಮತ್ತೆ ಹಾಕುವ ಮೊದಲು ರ‍್ಯಾಮ್ ನೋಡಿ

ಕಳೆದ ವಾರ ನನ್ನ ಮೇಜಿಗೆ ಬಂದ ಡೆಸ್ಕ್‌ಟಾಪ್‌ಗೆ ಒಂದೇ ತಿಂಗಳಲ್ಲಿ ಮೂರು ಸಲ ವಿಂಡೋಸ್ ಹಾಕಿದ್ದರು. ಎರಡು ದಿನ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ನೀಲಿ ಪರದೆ. "ವೈರಸ್ ಇರಬಹುದಾ ಸರ್?" ಎಂದು ಕೇಳಿದರು. ಪ್ರತಿ ಸಲ ಒಂದೇ ಎರರ್ ಬರುತ್ತಾ, ಬೇರೆ ಬೇರೆನಾ ಎಂದು ನಾನು ಕೇಳಿದೆ. ಪುಣ್ಯಕ್ಕೆ ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದರು. ಒಂದರಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದರಲ್ಲಿ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಮತ್ತೊಂದರಲ್ಲಿ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್. ಅಲ್ಲಿಗೆ ನನ್ನ ಅನುಮಾನ, ಓಡುತ್ತಿರುವ ಕೆಲಸವನ್ನು ಕಂಪ್ಯೂಟರ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ, ಅಂದರೆ ರ‍್ಯಾಮ್ ಮೇಲೆ ಹೋಯಿತು.

ಯಾಕೆ ಅಂದರೆ, ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಎರರ್ ಮತ್ತೆ ಮತ್ತೆ ಬರುತ್ತದೆ, ಎಷ್ಟೋ ಸಲ ಅದೇ ಫೈಲಿನ ಹೆಸರೂ ಕಾಣುತ್ತದೆ. ರ‍್ಯಾಮ್ ಹಾಗಲ್ಲ. ಕೆಟ್ಟಿರುವುದು ಒಂದು ಪುಟ್ಟ ಜಾಗ. ಆ ಜಾಗಕ್ಕೆ ಇವತ್ತು ಬ್ರೌಸರ್ ಬಂದು ಕೂತರೆ ಬ್ರೌಸರ್ ಬೀಳುತ್ತದೆ, ನಾಳೆ ಗೇಮ್ ಕೂತರೆ ಗೇಮ್, ವಿಂಡೋಸ್‌ನ ಮುಖ್ಯ ಭಾಗವೇ ಕೂತರೆ ನೀಲಿ ಪರದೆ. ಜಿಪ್ ಫೈಲ್ ಬಿಚ್ಚುವಾಗ ಒಮ್ಮೆ ಎರರ್ ಬಂದು ಇನ್ನೊಮ್ಮೆ ಸುಸೂತ್ರವಾಗಿ ಬಿಚ್ಚಿಕೊಂಡರೆ ಅದೂ ಇದೇ ಜಾತಿಯ ಲಕ್ಷಣ.

ಆದರೆ ಕ್ರ್ಯಾಶ್ ಆಗುವುದಕ್ಕಿಂತ ನನಗೆ ಜಾಸ್ತಿ ಭಯ ಹುಟ್ಟಿಸುವುದು ಕ್ರ್ಯಾಶ್ ಆಗದೇ ಇರುವುದು. ಕನ್ನಡದ 'ಕ' ಅಕ್ಷರವನ್ನೇ ತಗೊಳ್ಳಿ. ಕಂಪ್ಯೂಟರ್ ಒಳಗೆ ಅದೊಂದು ಸಂಖ್ಯೆ, ಸೊನ್ನೆ ಮತ್ತು ಒಂದರ ಸಾಲು. 'ಕ'ಗೂ 'ಗ'ಗೂ ಆ ಸಾಲಿನಲ್ಲಿ ಇರುವ ವ್ಯತ್ಯಾಸ ಒಂದೇ ಒಂದು ಬಿಟ್, ಅಂದರೆ ಸಾಲಿನ ಒಂದು ಸ್ಥಾನ. ಕೆಟ್ಟ ರ‍್ಯಾಮ್ ಆ ಒಂದು ಬಿಟ್ ತಿರುಗಿಸಿದರೆ ನೀವು ಬರೆದ 'ಕಾಳಿ' 'ಗಾಳಿ' ಆಗಿ ಸೇವ್ ಆಗುತ್ತದೆ. ಯಾವ ಎರರೂ ಬರುವುದಿಲ್ಲ. ಲೆಕ್ಕದ ಹಾಳೆಯಲ್ಲಾದರೆ ಒಂದು ಅಂಕಿ ಬದಲಾಗುತ್ತದೆ. ಈ ಮಷೀನಿನಲ್ಲೂ ಅದೇ ಆಗಿತ್ತು. ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದ್ದ ಕೆಲವು ಫೋಟೋಗಳಲ್ಲಿ ಮೇಲಿನ ಅರ್ಧ ಸರಿಯಾಗಿತ್ತು, ಕೆಳಗಿನ ಅರ್ಧ ಬಣ್ಣಗೆಟ್ಟು ಪಕ್ಕಕ್ಕೆ ಸರಿದಿತ್ತು.

ಅದಕ್ಕೇ ಅನುಮಾನ ಬಂದ ತಕ್ಷಣ ಆ ಮಷೀನಿನಲ್ಲಿ ಕೆಲಸ ನಿಲ್ಲಿಸಿ. ವಿಂಡೋಸ್ ಮತ್ತೆ ಹಾಕಬೇಡಿ, ಡಿಸ್ಕ್ ರಿಪೇರಿ ಓಡಿಸಬೇಡಿ, ಯಾಕೆಂದರೆ ರಿಪೇರಿ ಮಾಡುವ ಪ್ರೋಗ್ರಾಮ್ ಕೂಡ ಇದೇ ಕೆಟ್ಟ ರ‍್ಯಾಮ್ ನಂಬಿಕೊಂಡು ಡಿಸ್ಕಿಗೆ ಬರೆಯುತ್ತದೆ. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆ ಹೊಸದನ್ನು ದಯವಿಟ್ಟು ಬರೆಯಬೇಡಿ. ತುರ್ತಾಗಿ ಬೇಕಾದ ಫೈಲ್ ಇದ್ದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ತೆಗೆದುಕೊಳ್ಳಿ.

ಪರೀಕ್ಷೆಗೆ ಮೊದಲು ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಆಗಿದೆಯಾ ನೋಡಿ. ಇದು ರ‍್ಯಾಮ್ ಅನ್ನು ಮೂಲ ವೇಗಕ್ಕಿಂತ ಜಾಸ್ತಿ ಓಡಿಸುವ ಸೆಟ್ಟಿಂಗ್. ಡಿಡಿಆರ್4 ಎಂಬ ಪೀಳಿಗೆಯ ರ‍್ಯಾಮ್‌ನ ಮಾಮೂಲಿ ವೋಲ್ಟೇಜ್ 1.2. ಎಕ್ಸ್‌ಎಂಪಿಯಲ್ಲಿ ಎಷ್ಟೋ ಸಲ 1.35 ಆಗಿರುತ್ತದೆ. ಆ ಸೆಟ್ಟಿಂಗ್ ಆಫ್ ಮಾಡಿದ ಮೇಲೆ ಕ್ರ್ಯಾಶ್ ನಿಂತುಹೋದರೆ, ರ‍್ಯಾಮ್ ಕೆಟ್ಟಿಲ್ಲ, ಆ ವೇಗ ತಡೆಯುತ್ತಿಲ್ಲ ಅಷ್ಟೇ. ಕೊಂಚ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು.

ಆಮೇಲೆ ಟೆಸ್ಟ್. ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಇದೆ. ಅದು ತಪ್ಪು ತೋರಿಸಿದರೆ ನಂಬಿ. "ಏನೂ ಇಲ್ಲ" ಅಂದರೆ ನಂಬಬೇಡಿ, ತುಂಬ ಮೇಲುಮೇಲೆ ನೋಡುತ್ತದೆ. ನಾನು ನೆಚ್ಚಿಕೊಂಡಿರುವುದು ಮೆಮ್‌ಟೆಸ್ಟ್86 ಪ್ಲಸ್. ಇದು ಉಚಿತ. ಇನ್ನೊಂದು ಸರಿಯಿರುವ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಈ ಮಷೀನನ್ನು ಶುರು (ಬೂಟ್) ಮಾಡಬೇಕು. ರಾತ್ರಿ ಮಲಗುವಾಗ ಹಚ್ಚಿ, ಬೆಳಗ್ಗೆ ನೋಡಿ. ಕೆಲವು ರ‍್ಯಾಮ್ ಬಿಸಿಯಾದ ಮೇಲಷ್ಟೇ ತಪ್ಪು ಮಾಡುತ್ತದೆ, ಹಾಗಾಗಿ ಒಂದು ಸುತ್ತು ಸಾಲದು, ಕನಿಷ್ಠ ನಾಲ್ಕು ಬೇಕು. ಕೆಂಪು ಸಾಲು ಒಂದೇ ಒಂದು ಬಂದರೂ ಅದು ತಪ್ಪೇ. "ಕೋಟಿಗಟ್ಟಲೆ ಬಿಟ್‌ಗಳಲ್ಲಿ ಒಂದು ತಾನೇ" ಅಂತ ಬಿಡುವಂತಿಲ್ಲ, ಆ ಒಂದೇ ಅಲ್ವಾ ಫೋಟೋ ಕೆಡಿಸಿದ್ದು.

ತಪ್ಪು ಕಂಡರೆ ತಕ್ಷಣ ಹೊಸದು ತರಲು ಓಡಬೇಡಿ. ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ತೆಗೆಯಿರಿ. ಚಿನ್ನದ ಬಣ್ಣದ ಕಾಲುಗಳನ್ನು ರಬ್ಬರಿನಿಂದ ಉಜ್ಜುವ ಅಭ್ಯಾಸ ಬಹಳ ಜನಕ್ಕಿದೆ. ನಾನು ಮಾಡುವುದಿಲ್ಲ, ಮೇಲಿನ ತೆಳು ಲೇಪ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಟಕ್ ಅಂತ ಕೂರುವವರೆಗೆ ಒತ್ತಿ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹೋಗಲಿಲ್ಲವಾದರೆ ಒಂದೊಂದೇ ಸ್ಟಿಕ್ (ರ‍್ಯಾಮ್‌ನ ಬಿಡಿ ಪಟ್ಟಿ) ಅನ್ನು ಒಂದೇ ಸ್ಲಾಟ್‌ನಲ್ಲಿ ಹಾಕಿ ಟೆಸ್ಟ್ ಮಾಡಿ. ಒಂದು ಪಾಸಾಗಿ ಇನ್ನೊಂದು ಫೇಲಾದರೆ ಕಳ್ಳ ಸಿಕ್ಕಿದ ಹಾಗೆ. ಪಾಸಾದ ಸ್ಟಿಕ್ ಬೇರೆ ಸ್ಲಾಟ್‌ನಲ್ಲಿ ಫೇಲಾದರೆ ತೊಂದರೆ ಮದರ್‌ಬೋರ್ಡಿನದು. ಎಲ್ಲ ಸ್ಟಿಕ್ಕೂ ಎಲ್ಲ ಸ್ಲಾಟಿನಲ್ಲೂ ಫೇಲ್ ಅಂದರೆ ರ‍್ಯಾಮ್ ಬಿಟ್ಟು ಬೋರ್ಡ್, ಪ್ರೊಸೆಸರ್ ಕಡೆ ನೋಡಬೇಕು.

ಹೊಸದು ಕೊಳ್ಳುವ ಮುಂಚೆ ವಾರಂಟಿ ನೋಡಿಕೊಳ್ಳಿ, ಕೆಲವು ಕಂಪನಿಗಳು ರ‍್ಯಾಮ್‌ಗೆ ಆಜೀವ ವಾರಂಟಿ ಕೊಡುತ್ತವೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಸುಮ್ನೆ ಬಲ ಹಾಕಿ ಒತ್ತಬೇಡಿ. ಹೊಸ ರ‍್ಯಾಮ್ ಹಾಕಿ ರಾತ್ರಿಯಿಡೀ ಟೆಸ್ಟ್ ಮಾಡಿದ ಮೇಲೆ ವಿಂಡೋಸ್ ಹಾಕಿದರೆ ಅದಕ್ಕೆ ಅರ್ಥವಿದೆ.

ಆ ಡೆಸ್ಕ್‌ಟಾಪ್‌ನಲ್ಲಿ ಎರಡನೇ ಸ್ಟಿಕ್ ಕೆಟ್ಟಿತ್ತು. ಮೊದಲ ಮೂರು ಸುತ್ತು ಒಂದೂ ತಪ್ಪಿಲ್ಲ, ನಾಲ್ಕನೆಯದರಲ್ಲಿ ಎರಡು. ಕೆಟ್ಟ ಫೋಟೋಗಳ ಮೂಲ ಪ್ರತಿ ಅವರ ಫೋನಿನಲ್ಲೇ ಉಳಿದಿತ್ತು, ಜಾಗ ಸಾಲದು ಅಂತ ಆ ವಾರವೇ ಅಳಿಸುವವರಿದ್ದರು.