ನೀರು ಹಾಕಿದರೆ ಓಡುವ ಕಾರು: ನೂರು ವರ್ಷದ ಹಳೇ ಆಸೆ

2008ರ ಜೂನ್. ಜಪಾನಿನ ಒಸಾಕಾ ನಗರದಲ್ಲಿ ಜೆನೆಪ್ಯಾಕ್ಸ್ ಎಂಬ ಕಂಪನಿ ಪತ್ರಕರ್ತರನ್ನು ಕರೆದು ಒಂದು ಪುಟ್ಟ ಕಾರು ತೋರಿಸಿತು. ಒಂದು ಲೀಟರ್ ನೀರು ಸುರಿದರೆ ಸಾಕು, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ಓಡುತ್ತದೆ ಎಂದರು. ನಲ್ಲಿ ನೀರು, ಮಳೆ ನೀರು, ಸಮುದ್ರದ ನೀರು, ಯಾವುದಾದರೂ ಸರಿ. ಚಹಾ ಹಾಕಿದರೂ ನಡೆಯುತ್ತದೆ ಎಂದೂ ಹೇಳಿದರು. ಆ ವಿಡಿಯೊ ಜಗತ್ತೆಲ್ಲ ಸುತ್ತಿತು. ಇವತ್ತಿಗೂ ಆಗಾಗ ವಾಟ್ಸಾಪ್‌ನಲ್ಲಿ ಹೊಸ ಸುದ್ದಿಯ ಹಾಗೆ ಬರುತ್ತಿರುತ್ತದೆ.

ಆ ಕಾರನ್ನು ಬೆಂಗಳೂರಿನವರು ಸರಿಯಾಗಿ ನೋಡಿದ್ದರೆ ಥಟ್ಟನೆ ಗುರುತು ಹಿಡಿಯಬಹುದಿತ್ತು. ಅದು ನಮ್ಮದೇ ರೇವಾ. ಬೊಮ್ಮಸಂದ್ರದಲ್ಲಿ ತಯಾರಾಗಿ, 2001ರಿಂದ ನಮ್ಮ ರಸ್ತೆಗಳಲ್ಲಿ ಓಡಾಡಿಕೊಂಡಿದ್ದ, ಇಂಗ್ಲೆಂಡಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಎರಡು ಬಾಗಿಲಿನ ಬ್ಯಾಟರಿ ಕಾರು. ರಾತ್ರಿ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಿದರೆ ಬೆಳಿಗ್ಗೆ ತಾನಾಗಿಯೇ ಓಡುವ ಗಾಡಿ. ಅಂಥ ಗಾಡಿಯೊಳಗೆ ಇನ್ನೊಂದು ಪೆಟ್ಟಿಗೆ ಇಟ್ಟು, ಅದಕ್ಕೆ ನೀರು ಸುರಿದು ಓಡಿಸಿ ತೋರಿಸಿದರೆ ನೀರಿನಿಂದಲೇ ಓಡಿತು ಎಂದು ಹೇಗೆ ನಂಬುವುದು?

ಕಂಪನಿಯೇ ಕೊಟ್ಟ ಲೆಕ್ಕದ ಪ್ರಕಾರ ಅದರ ದೊಡ್ಡ ಘಟಕದ ಸಾಮರ್ಥ್ಯ 300 ವಾಟ್. 80 ಕಿಲೋಮೀಟರ್ ವೇಗದಲ್ಲಿ ಓಡಲು ಎಷ್ಟು ಚಿಕ್ಕ ಕಾರಿಗಾದರೂ ಸಾವಿರಗಟ್ಟಲೆ ವಾಟ್ ಬೇಕು. ಒಳಗೆ ನಡೆಯುವುದೇನು ಎಂದು ಕೇಳಿದರೆ, ಹೈಡ್ರೋಜನ್ ಹಿಡಿದಿಟ್ಟುಕೊಂಡ ಲೋಹದ ಸಂಯುಕ್ತ, ಅಂದರೆ ಲೋಹದ ಹೈಡ್ರೈಡ್‌ಗೆ ನೀರು ತಾಗಿದಾಗ ಹೈಡ್ರೋಜನ್ ಬರುತ್ತದಲ್ಲ, ಅದಕ್ಕೆ ಹತ್ತಿರದ ವಿಧಾನ ಎಂದಷ್ಟೇ ಹೇಳಿದರು. ಹಾಗಿದ್ದರೆ ಖರ್ಚಾಗುವ ಇಂಧನ ಆ ಲೋಹ, ನೀರಲ್ಲ. ಪೂರ್ತಿ ಗುಟ್ಟನ್ನು ಅವರು ಬಿಟ್ಟುಕೊಡಲಿಲ್ಲ. 2009ರ ಆರಂಭದಲ್ಲಿ, ಅಭಿವೃದ್ಧಿಯ ಖರ್ಚು ಜಾಸ್ತಿಯಾಯಿತು ಎಂದು ಹೇಳಿ ತಮ್ಮ ವೆಬ್‌ಸೈಟ್ ಮುಚ್ಚಿದರು.

ನೀರು ಯಾಕೆ ಇಂಧನವಲ್ಲ ಎನ್ನುವುದು ಹೈಸ್ಕೂಲಿನ ಪಾಠ. ಹೈಡ್ರೋಜನ್ ಆಮ್ಲಜನಕದ ಜೊತೆ ಸೇರಿ ಉರಿದಾಗ ಉಳಿಯುವುದೇ ನೀರು. ಒಲೆಯಲ್ಲಿ ಸೌದೆ ಉರಿದು ಬೂದಿ ಉಳಿದ ಹಾಗೆ. ಕೊಡಬೇಕಾದ ಶಾಖವನ್ನೆಲ್ಲ ಅದು ಆಗಲೇ ಕೊಟ್ಟಾಗಿದೆ. ನೀರನ್ನು ಮತ್ತೆ ಹೈಡ್ರೋಜನ್, ಆಮ್ಲಜನಕ ಎಂದು ಬಿಡಿಸಬಹುದು, ಅದೇನು ಗುಟ್ಟಲ್ಲ. ಇಂಗ್ಲೆಂಡಿನಲ್ಲಿ 1800ರಲ್ಲೇ ಬ್ಯಾಟರಿ ಹಚ್ಚಿ ಮಾಡಿ ತೋರಿಸಿದ್ದಾರೆ. ಆದರೆ ಉರಿಯುವಾಗ ಎಷ್ಟು ಶಕ್ತಿ ಹೊರಬಂತೋ ಕನಿಷ್ಠ ಅಷ್ಟನ್ನು ವಾಪಸ್ ಕೊಟ್ಟರೆ ಮಾತ್ರ ನೀರು ಬಿಡಿಯಾಗುತ್ತದೆ. ಈ ಲೆಕ್ಕದಲ್ಲಿ ಲಾಭ ಎಂಬುದು ಎಂದೂ ಬರುವುದಿಲ್ಲ.

ಆದರೂ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಕಾರು ಮತ್ತೆ ಮತ್ತೆ ಹುಟ್ಟುತ್ತಲೇ ಇದೆ. 1916ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ನ್ಯೂಯಾರ್ಕ್ ಹತ್ತಿರದ ಫಾರ್ಮಿಂಗ್‌ಡೇಲ್‌ನಲ್ಲಿ ಲೂಯಿ ಎನ್ರಿಕ್ಟ್ ಎಂಬಾತ ಪತ್ರಕರ್ತರ ಮುಂದೆ ನೀರಿಗೆ ಯಾವುದೋ ಹಸಿರು ದ್ರವ ಬೆರೆಸಿ ಕಾರು ಓಡಿಸಿದ. ಹೆನ್ರಿ ಫೋರ್ಡ್ ಅವರಂಥವರೂ ಕುತೂಹಲದಿಂದ ವಿಚಾರಿಸಿದರು. ಆ ದ್ರವದಲ್ಲಿ ಅಸಿಟೋನ್, ಅಸಿಟಿಲೀನ್ ಇದ್ದಿರಬೇಕು ಎನ್ನುವುದು ರಸಾಯನ ಬಲ್ಲವರ ಊಹೆ. ಉರಿದದ್ದು ಅದು. ನೀರು ಸುಮ್ನೆ ಜೊತೆಗಿತ್ತು. ಇಂಧನದ ಹೆಸರಿನ ಇನ್ನೊಂದು ಮೋಸದ ಕೇಸಿನಲ್ಲಿ 1922ರಲ್ಲಿ ಅವನಿಗೆ ಜೈಲಾಯಿತು. 1935ರಲ್ಲಿ ಡಲ್ಲಾಸ್‌ನ ಚಾರ್ಲ್ಸ್ ಗ್ಯಾರೆಟ್ ನೀರಿನ ಕಾರ್ಬ್ಯುರೇಟರ್‌ಗೆ ಪೇಟೆಂಟ್ ಪಡೆದ. ಅವನ ಪ್ರದರ್ಶನದಲ್ಲಿ ಎಂಜಿನ್ ಓಡಿದ್ದು ಕೆಲವೇ ನಿಮಿಷ.

ಈಗ ನಮ್ಮ ಫೋನುಗಳಲ್ಲಿ ಹೆಚ್ಚಾಗಿ ಕಾಣುವ ಹೆಸರು ಸ್ಟ್ಯಾನ್ಲಿ ಮೆಯರ್. ಅಮೆರಿಕದ ಒಹಾಯೊ ರಾಜ್ಯದ ಗ್ರೋವ್ ಸಿಟಿಯವನು. ಮರಳಿನ ಮೇಲೆ ಓಡಿಸುವ ಬಗ್ಗಿ ಗಾಡಿಯೊಂದಕ್ಕೆ ತನ್ನ ‘ನೀರಿನ ಇಂಧನ ಕೋಶ’ ಕೂರಿಸಿದ್ದ. ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕ್‌ವರೆಗೆ 83 ಲೀಟರ್ ನೀರಿನಲ್ಲಿ ಹೋಗಬಹುದು ಎನ್ನುತ್ತಿದ್ದ. ಟಿವಿಯವರು ಬಂದರು, ಹೂಡಿಕೆದಾರರು ಬಂದರು. ಹಣ ಹಾಕಿದ ಇಬ್ಬರು ಕೊನೆಗೆ ಕೋರ್ಟಿಗೆ ಹೋದರು. ಲಂಡನ್ನಿನ ಎಂಜಿನಿಯರಿಂಗ್ ಪ್ರೊಫೆಸರ್ ಮೈಕೆಲ್ ಲಾಟನ್ ಕಾರನ್ನು ಪರೀಕ್ಷೆ ಮಾಡಲು ಬಂದಾಗ ಮೆಯರ್ ಏನೋ ನೆಪ ಹೇಳಿ ತಪ್ಪಿಸಿಕೊಂಡ. ಅವನ ಕೋಶವನ್ನು ಮೂವರು ತಜ್ಞರು ಬಿಚ್ಚಿ ನೋಡಿದರು. ಅದರಲ್ಲಿ ಹೊಸತೇನೂ ಇರಲಿಲ್ಲ, ಪಾಠದ ಪುಸ್ತಕದಲ್ಲಿರುವ ಮಾಮೂಲಿ ವಿದ್ಯುದ್ವಿಭಜನೆ, ಅಂದರೆ ಕರೆಂಟ್ ಹಾಯಿಸಿ ನೀರನ್ನು ಒಡೆಯುವುದು. 1996ರಲ್ಲಿ ಕೋರ್ಟು ಇದು ಘೋರ ವಂಚನೆ ಎಂದು ಹೇಳಿ, 25 ಸಾವಿರ ಡಾಲರ್ ವಾಪಸ್ ಕೊಡಲು ಆದೇಶಿಸಿತು.

ಎರಡು ವರ್ಷದ ನಂತರ, 1998ರ ಮಾರ್ಚ್‌ನಲ್ಲಿ, ಮೆಯರ್ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾಗ ಕುಸಿದು ತೀರಿಕೊಂಡ. ನನಗೆ ವಿಷ ಹಾಕಿದ್ದಾರೆ ಎಂದು ಕೂಗಿದ ಎನ್ನುವ ಕಥೆ ಅಲ್ಲಿಂದ ಶುರುವಾಯಿತು. ಶವಪರೀಕ್ಷೆಯಲ್ಲಿ ಕಂಡ ಕಾರಣ ಮಿದುಳಿನ ರಕ್ತನಾಳ ಒಡೆದದ್ದು. ಆದರೆ ತೈಲ ಕಂಪನಿಗಳು ಕೊಂದವು ಎನ್ನುವ ಮಾತಿಗೆ ಇರುವ ಸೆಳೆತ ಕೋರ್ಟಿನ ತೀರ್ಪಿಗೆ ಇಲ್ಲ ನೋಡಿ. ವಿಡಿಯೊಗಳಲ್ಲಿ ಸಾವಿನ ಕಥೆ ಬರುತ್ತದೆ, ತೀರ್ಪು ಬರುವುದಿಲ್ಲ. ಮೆಯರ್‌ಗೆ ಪೇಟೆಂಟ್ ಇತ್ತಲ್ಲ ಎಂದು ಕೇಳುವವರಿದ್ದಾರೆ. ಇತ್ತು. ಆದರೆ ಪೇಟೆಂಟ್ ಕೊಡುವ ಕಚೇರಿ ಯಂತ್ರವನ್ನು ಓಡಿಸಿ ನೋಡಿ ಸರ್ಟಿಫಿಕೇಟ್ ಕೊಡುವುದಿಲ್ಲ. ಪೇಟೆಂಟ್ ಎಂದರೆ ವಿಧಾನವನ್ನು ಬರೆದು ಎಲ್ಲರಿಗೂ ಬಹಿರಂಗ ಮಾಡುವುದು. ಆ ಪೇಟೆಂಟ್‌ಗಳ ಅವಧಿಯೂ ಮುಗಿದಿದೆ. ಯಾರು ಬೇಕಾದರೂ ಅದೇ ಕೋಶ ಮಾಡಬಹುದು, ಯಾರಿಗೂ ಹಣ ಕಟ್ಟಬೇಕಿಲ್ಲ. ಇಷ್ಟು ವರ್ಷಗಳಲ್ಲಿ ಅದರಿಂದ ಒಂದು ಬಸ್ಸೂ ಓಡಿಲ್ಲ.

ನಮ್ಮ ಪಕ್ಕದ ತಮಿಳುನಾಡಿನ ರಾಮರ್ ಪಿಳ್ಳೈ ಪ್ರಕರಣ ನಡುವಯಸ್ಸು ದಾಟಿದವರಿಗೆ ನೆನಪಿರಬಹುದು. ಅದೇ 1996. ರಾಜಪಾಳಯಂ ಕಡೆಯ, ಹೆಚ್ಚು ಓದಿರದ ಯುವಕ. ನೀರಿಗೆ ಒಂದು ಸೊಪ್ಪು ಹಾಕಿ, ಉಪ್ಪು, ನಿಂಬೆರಸ ಸೇರಿಸಿ, ಕುದಿಸಿ, ಕೋಲಿನಿಂದ ತಿರುವುತ್ತಾ ಹೋದರೆ ಪೆಟ್ರೋಲ್ ಆಗುತ್ತದೆ ಎಂದ. ಮೇಲೆ ತೇಲಿದ ದ್ರವ ಭಗ್ಗನೆ ಹತ್ತಿಕೊಳ್ಳುತ್ತಿತ್ತು, ಗಾಡಿಯನ್ನೂ ಓಡಿಸುತ್ತಿತ್ತು. ಯಾಕೆಂದರೆ ಅದು ನಿಜವಾಗಿಯೂ ಪೆಟ್ರೋಲಿನ ಜಾತಿಯ ಇಂಧನವೇ. ದೆಹಲಿಯಲ್ಲಿ ವಿಜ್ಞಾನಿಗಳ ಮುಂದೆಯೇ ಪ್ರದರ್ಶನ ನಡೆದು ದೊಡ್ಡ ಸುದ್ದಿಯಾಯಿತು. ಗಿಡ ಬೆಳೆಸಲು ಸರ್ಕಾರದಿಂದ ಜಮೀನಿನ ಭರವಸೆಯೂ ಸಿಕ್ಕಿತು.

ಆಮೇಲೆ ವಿಜ್ಞಾನಿಗಳು ತಮ್ಮದೇ ಪಾತ್ರೆ, ತಮ್ಮದೇ ಕೋಲು ಕೊಟ್ಟು ಮಾಡಿ ತೋರಿಸು ಎಂದಾಗ ಪೆಟ್ರೋಲ್ ಬರಲಿಲ್ಲ. ಅವನು ತಿರುವುತ್ತಿದ್ದ ಕೋಲು ಒಳಗೆ ಪೊಳ್ಳು, ಅದರಲ್ಲಿ ಇಂಧನ ತುಂಬಿ ತುದಿಗೆ ಮೇಣ ಮೆತ್ತಲಾಗಿತ್ತು, ಬಿಸಿಗೆ ಮೇಣ ಕರಗಿ ಇಂಧನ ಹೊರಬರುತ್ತಿತ್ತು ಎಂದು ಪತ್ರಿಕೆಗಳಲ್ಲಿ ವರದಿಯಾಯಿತು. ಕಥೆ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ‘ರಾಮರ್ ಪೆಟ್ರೋಲ್’ ಚೆನ್ನೈನಲ್ಲಿ ಮಾರಾಟಕ್ಕೆ ಬಂತು. ಸಿಬಿಐ ತನಿಖೆಯ ಪ್ರಕಾರ ಅದು ನಾಫ್ತಾ, ಟಾಲ್ವೀನ್‌ನಂಥ ಪೆಟ್ರೋಲಿಯಂ ದ್ರಾವಕಗಳ ಮಿಶ್ರಣ. 2000ದಲ್ಲಿ ಸಿಬಿಐ ಕೇಸು ಹಾಕಿತು. 2016ರ ಅಕ್ಟೋಬರಿನಲ್ಲಿ ಚೆನ್ನೈ ಕೋರ್ಟು ಅವನಿಗೂ ಜೊತೆಯವರಿಗೂ 3 ವರ್ಷದ ಕಠಿಣ ಸಜೆ ಕೊಟ್ಟಿತು. ಮೊದಲ ಪ್ರದರ್ಶನದಿಂದ ತೀರ್ಪಿನವರೆಗೆ ಇಪ್ಪತ್ತು ವರ್ಷ! ಸುಳ್ಳಿಗೆ ಒಂದು ಮಧ್ಯಾಹ್ನ ಸಾಕಾಯಿತು.

ಇದರಲ್ಲಿ ನನಗೆ ಬೇಸರ ತರುವುದು ಆ ಹಳ್ಳಿಯ ಹುಡುಗನಿಗಿಂತ ಹೆಚ್ಚಾಗಿ ಅವನ ಬೆನ್ನು ತಟ್ಟಿದ ದೊಡ್ಡವರು. ಪಾಕಿಸ್ತಾನದಲ್ಲಿ 2012ರಲ್ಲಿ ಆದದ್ದೂ ಇದೇ. ಆಘಾ ವಕಾರ್ ಅಹ್ಮದ್ ಎಂಬ ಡಿಪ್ಲೊಮಾ ಎಂಜಿನಿಯರ್ ‘ವಾಟರ್ ಕಿಟ್’ ತಂದ. ಆಗ ಅಲ್ಲಿ ಕರೆಂಟಿಲ್ಲ, ಸಿಎನ್‌ಜಿಗೆ ಉದ್ದುದ್ದ ಕ್ಯೂ. ಹೆಸರಾಂತ ಟಿವಿ ನಿರೂಪಕರು ಅವನನ್ನು ತಲೆ ಮೇಲೆ ಹೊತ್ತರು. ಸಚಿವ ಖುರ್ಷಿದ್ ಷಾ ಬೆಂಬಲಕ್ಕೆ ನಿಂತರು. ಅಣುಬಾಂಬಿನ ಖ್ಯಾತಿಯ ಎ.ಕ್ಯೂ. ಖಾನ್ ಅವರೇ ಇದರಲ್ಲಿ ಮೋಸವಿಲ್ಲ ಎಂದುಬಿಟ್ಟರು. ಭೌತವಿಜ್ಞಾನಿ ಪರ್ವೇಜ್ ಹೂದ್‌ಭಾಯ್, ರಸಾಯನ ವಿಜ್ಞಾನಿ ಅತಾ ಉರ್ ರೆಹಮಾನ್ ಎದುರು ನಿಂತು, ಇದು ಸಾಧ್ಯವಿಲ್ಲ ಎಂದು ಬಿಡಿಸಿ ಹೇಳಿದರು. ಇಡೀ ದೇಶ ಆಸೆಯಿಂದ ಕಾಯುತ್ತಿರುವಾಗ ಹಾಗೆ ಹೇಳಲು ಗಟ್ಟಿತನ ಬೇಕು. ಅಂಥವರ ಮಾತಿಗೆ ಸಿಗಬೇಕಾದ ಗೌರವ ಸಿಗುವುದು ಬಹಳ ತಡವಾಗಿ.

ಹೊತ್ತನ್ನು ಗಮನಿಸಿ. ಇಂಧನ ದುಬಾರಿಯಾದಾಗಲೆಲ್ಲ ಈ ಕಾರು ಬರುತ್ತದೆ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಒಸಾಕಾದ ಪ್ರದರ್ಶನ ಅದಕ್ಕೆ ಒಂದು ತಿಂಗಳ ಹಿಂದಿನದು. ಶ್ರೀಲಂಕಾದಲ್ಲಿ ಒಬ್ಬ, 3 ಲೀಟರ್ ನೀರಿನಲ್ಲಿ 300 ಕಿಲೋಮೀಟರ್ ಓಡಿಸಿದೆ ಎಂದು ಹೇಳಿ ಪ್ರಧಾನಿಯ ಬೆಂಬಲದವರೆಗೆ ಹೋದದ್ದು ಅದೇ ವರ್ಷ. ಕೆಲವೇ ತಿಂಗಳಲ್ಲಿ ಹೂಡಿಕೆ ವಂಚನೆಯ ಆರೋಪದ ಮೇಲೆ ಅವನ ಬಂಧನವಾಯಿತು. ಫಿಲಿಪೀನ್ಸ್‌ನಲ್ಲಿ ದಶಕಗಳಿಂದ ನೀರಿನ ಕಾರು ತೋರಿಸುತ್ತಿದ್ದ ಡೇನಿಯಲ್ ಡಿಂಗೆಲ್‌ಗೆ ವಂಚನೆಗಾಗಿ 20 ವರ್ಷದವರೆಗಿನ ಶಿಕ್ಷೆಯಾದದ್ದೂ 2008ರಲ್ಲೇ.

ಪೂರ್ತಿ ಸುಳ್ಳಲ್ಲದ ಕೆಲವು ಸುದ್ದಿಗಳೂ ಇದರ ಜೊತೆ ಕಲಸಿಕೊಂಡಿವೆ. ಮಧ್ಯಪ್ರದೇಶದ ಸಾಗರದ ಮೆಕ್ಯಾನಿಕ್ ಒಬ್ಬರು ನೀರಿನಿಂದ ಮಾರುತಿ ಓಡಿಸಿದರು ಎಂಬ ಸುದ್ದಿ ನೀವೂ ನೋಡಿರಬಹುದು. ಅವರು ಮುಚ್ಚಿಡದೆ ಹೇಳಿದ್ದರು: ನೀರಿನ ಜೊತೆ ಕ್ಯಾಲ್ಸಿಯಂ ಕಾರ್ಬೈಡ್ ಹಾಕುತ್ತೇನೆ ಎಂದು. ಮಾವು ಹಣ್ಣು ಮಾಡಲು ಕದ್ದು ಬಳಸುತ್ತಾರಲ್ಲ, ಅದೇ ಕಾರ್ಬೈಡ್. ನೀರು ತಾಗಿದರೆ ಅಸಿಟಿಲೀನ್ ಬರುತ್ತದೆ, ವೆಲ್ಡಿಂಗ್‌ನವರ ಗ್ಯಾಸು. ಅದರಿಂದ ಎಂಜಿನ್ ಓಡುತ್ತದೆ. ಆದರೆ ಆ ಕಾರ್ಬೈಡನ್ನು ಸುಣ್ಣ, ಕೋಕ್ ಹಾಕಿ 2000 ಡಿಗ್ರಿ ಆಸುಪಾಸಿನ ವಿದ್ಯುತ್ ಕುಲುಮೆಯಲ್ಲಿ ತಯಾರಿಸಬೇಕು. ಶಕ್ತಿ ಬಂದದ್ದು ಅಲ್ಲಿಂದ. 2022ರ ಮಾರ್ಚ್‌ನಲ್ಲಿ ಸಚಿವ ನಿತಿನ್ ಗಡ್ಕರಿ ಸಂಸತ್ತಿಗೆ ಬಂದ ಟೊಯೊಟಾ ಮಿರಾಯ್ ಕೂಡ ನೀರಿನ ಕಾರಲ್ಲ. ಅದರ ಟ್ಯಾಂಕಿಗೆ ತುಂಬುವುದು ಹೈಡ್ರೋಜನ್, ಹಿಂದಿನ ಪೈಪಿನಿಂದ ತೊಟ್ಟಿಕ್ಕುವುದು ನೀರು.

ಇನ್ನು ‘ಎಚ್‌ಎಚ್‌ಒ ಕಿಟ್’. ಪೂರ್ತಿ ನೀರಿನಲ್ಲಿ ಓಡಿಸುತ್ತೇವೆ ಎಂದರೆ ಜನ ನಂಬಲಿಕ್ಕಿಲ್ಲ ಎಂದು, ಮೈಲೇಜ್ ಜಾಸ್ತಿ ಮಾಡುತ್ತೇವೆ ಎಂದು ಇದನ್ನು ಮಾರುತ್ತಾರೆ. ಬಾನೆಟ್ ಒಳಗೆ ಒಂದು ಡಬ್ಬಿ, ಅದರೊಳಗೆ ಸ್ಟೀಲ್ ಪ್ಲೇಟುಗಳು, ನೀರು, ಸ್ವಲ್ಪ ಕಾಸ್ಟಿಕ್. ಕಾರಿನ ಕರೆಂಟ್ ಕೊಟ್ಟರೆ ಗುಳ್ಳೆ ಏಳುತ್ತದೆ. ಆ ಅನಿಲ, ಅಂದರೆ ಹೈಡ್ರೋಜನ್ ಮತ್ತು ಆಮ್ಲಜನಕದ ಮಿಶ್ರಣ (ಅದೇ ಎಚ್‌ಎಚ್‌ಒ), ಎಂಜಿನ್‌ಗೆ ಹೋಗುತ್ತದೆ. ಗುಳ್ಳೆ ನೋಡಿದವರಿಗೆ ನಂಬಿಕೆ ಬರುವುದು ಸಹಜ.

ಮನೆಯ ಕರೆಂಟ್ ಬಿಲ್ಲಿನ ಯೂನಿಟ್ ಲೆಕ್ಕದಲ್ಲೇ ನೋಡೋಣ. ಒಂದು ಲೀಟರ್ ನೀರಿನಲ್ಲಿರುವ ಹೈಡ್ರೋಜನ್ 111 ಗ್ರಾಂ. ಅದನ್ನು ಪೂರ್ತಿ ಉರಿಸಿದರೆ ಸಿಗುವ ಶಾಖ ಸುಮಾರು 4.4 ಯೂನಿಟ್. ಎಂಜಿನ್ ಅದರಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ತಿರುಗಿಸುತ್ತದೆ ಎಂದಿಟ್ಟುಕೊಂಡರೆ 1.1 ಯೂನಿಟ್. ಈಗ ಆ ನೀರನ್ನು ಒಡೆಯುವ ಖರ್ಚು. ಡಬ್ಬಿಯ ದಕ್ಷತೆ 70 ಪರ್ಸೆಂಟ್ ಇದ್ದರೂ 6 ಯೂನಿಟ್‌ಗಿಂತ ಹೆಚ್ಚು ಕರೆಂಟ್ ಬೇಕು. ಆ ಕರೆಂಟ್ ತಯಾರಿಸುವ ಆಲ್ಟರ್ನೇಟರ್ 60 ಪರ್ಸೆಂಟ್ ದಕ್ಷತೆಯದಾದರೆ ಎಂಜಿನ್ ಅದಕ್ಕಾಗಿ 10 ಯೂನಿಟ್‌ಗೂ ಜಾಸ್ತಿ ದುಡಿಯಬೇಕು. ಹತ್ತು ಕೊಟ್ಟು ಒಂದು ಪಡೆದಂತಾಯಿತು. ಆ ಹತ್ತು ಬರುವುದು ನೀವು ಬಂಕಿನಲ್ಲಿ ಹಾಕಿಸಿದ ಪೆಟ್ರೋಲಿನಿಂದಲೇ.

ಅನಿಲದ ಪ್ರಮಾಣವೂ ಅಷ್ಟೇ. 20 ಆಂಪಿಯರ್ ಎಳೆಯುವ ಕಿಟ್‌ನಿಂದ ನಿಮಿಷಕ್ಕೆ ಲೀಟರಿನ ಆಸುಪಾಸು ಅನಿಲ ಬಂದೀತು. ಹೆದ್ದಾರಿಯಲ್ಲಿ ಹೋಗುವ ಚಿಕ್ಕ ಕಾರಿನ ಎಂಜಿನ್ ನಿಮಿಷಕ್ಕೆ ಸಾವಿರ ಲೀಟರಿಗೂ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಕೆಲವರಿಗೆ ಮೈಲೇಜ್ ಹೆಚ್ಚಾದಂತೆ ಕಾಣುವುದೂ ನಿಜ. ಕಿಟ್ ಹಾಕಿಸಿದ ಮೇಲೆ ಮನುಷ್ಯ ಹುಷಾರಾಗಿ ಓಡಿಸುತ್ತಾನೆ, ಟೈರಿನ ಗಾಳಿ ನೋಡುತ್ತಾನೆ. ಕೆಲವು ಕಿಟ್‌ಗಳ ಜೊತೆ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆದು ಪೆಟ್ರೋಲಿನ ಪ್ರಮಾಣ ಹೊಂದಿಸಲು ನೆರವಾಗುವ ಆಕ್ಸಿಜನ್ ಸೆನ್ಸರ್‌ನ ಸಂಕೇತವನ್ನೇ ತಿದ್ದುವ ಸಾಧನ ಕೊಡುತ್ತಾರೆ. ಆಗ ಎಂಜಿನ್‌ಗೆ ಪೆಟ್ರೋಲ್ ಕಮ್ಮಿ ಹೋಗುತ್ತದೆ, ಎಂಜಿನ್ ಹಾಳಾಗುವ ಅಪಾಯವೂ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತೇವೆ ಎನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಬಹುಪಾಲು ಉಪಯೋಗಕ್ಕೆ ಬರಲಿಲ್ಲ.

ನೀರಿನಿಂದ ಹೈಡ್ರೋಜನ್ ತೆಗೆಯುವ ಕೆಲಸವನ್ನು ನಮ್ಮ ಸರ್ಕಾರವೇ ಈಗ ಕೈಗೆತ್ತಿಕೊಂಡಿದೆ. 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಇಟ್ಟ ಹಣ 19,744 ಕೋಟಿ ರೂಪಾಯಿ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹೈಡ್ರೋಜನ್ ತಯಾರಿಸುವ ಸಾಮರ್ಥ್ಯದ ಗುರಿ. ಆ ನೀರನ್ನು ಒಡೆಯುವುದಕ್ಕೆ ಅಂತಲೇ ಸುಮಾರು 1.25 ಲಕ್ಷ ಮೆಗಾವಾಟ್ ಹೊಸ ಸೌರ, ಗಾಳಿ ವಿದ್ಯುತ್ ಬೇಕು ಎಂದು ಅದೇ ಯೋಜನೆಯಲ್ಲಿ ಬರೆದಿದೆ.