ಮೇಡಂ ಕೈಯಲ್ಲಿ ಮರದ ಸ್ಕೇಲ್

ಒಂದು ಶಾಲೆಯಲ್ಲಿ 86 ಇಂಚಿನ ಟಚ್ ಪರದೆ ಹಾಕಿದ್ದರು. ಅದರಲ್ಲಿದ್ದ ಪಾಠದ ಆ್ಯಪ್‌ನ ವಿನ್ಯಾಸ ನಮ್ಮ ತಂಡದ್ದು. ಹೇಗೆ ಬಳಸುತ್ತಾರೆ ನೋಡೋಣ ಅಂತ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪಾಠ ಮುಗಿಯಿತು. ಮೇಡಂ ಮೇಜಿನ ಮೇಲಿದ್ದ ಮರದ ಸ್ಕೇಲ್ ತೆಗೆದುಕೊಂಡು, ಬಲಗಡೆ ಮೇಲಿನ ಮೂಲೆಯಲ್ಲಿದ್ದ ಮುಚ್ಚುವ ಬಟನ್‌ಗೆ ಅದರಿಂದಲೇ ಕುಟ್ಟಿದರು! ಮಕ್ಕಳಿಗೆ ಅದು ಮಾಮೂಲಿ. ನನಗೆ ಮಾತ್ರ ಮುಜುಗರ, ಬಟನ್ ಅಲ್ಲಿಟ್ಟವನು ನಾನೇ ಅಲ್ವಾ.

86 ಇಂಚು ಅಂದರೆ ಮೂಲೆಯಿಂದ ಮೂಲೆಗೆ. ಅಗಲ ಸುಮಾರು 190 ಸೆಂ.ಮೀ., ಎತ್ತರ 107. ಹಿಂದೆ ಕೂತವರಿಗೂ ಕಾಣಲಿ ಅಂತ ಕೆಳಗಿನ ಅಂಚನ್ನು ನೆಲದಿಂದ 90 ಸೆಂ.ಮೀ. ಮೇಲಿಟ್ಟರೆ ಮೇಲಿನ ಅಂಚು 197ಕ್ಕೆ ಹೋಗುತ್ತದೆ. ಐದಡಿ ಎತ್ತರದವರು ತುದಿಗಾಲಲ್ಲಿ ನಿಂತು ಪರದಾಡಬೇಕು. ಇನ್ನು ಐದನೇ ಕ್ಲಾಸಿನ ಹುಡುಗಿಯನ್ನು ಬೋರ್ಡಿಗೆ ಕರೆದರೆ?

ಹಾಗಾದರೆ ಬಟನ್‌ಗಳನ್ನೆಲ್ಲ ಕೆಳಗಿನ ಅಂಚಿಗೆ ತಂದರಾಯಿತು ಅನ್ನಿಸುತ್ತದೆ. ನಾವೂ ತಂದೆವು, ಕೆಟ್ಟೆವು. ಇಂಥ ಪರದೆಗಳಲ್ಲಿ ಬಹಳಷ್ಟಕ್ಕೆ ಚೌಕಟ್ಟಿನಿಂದ ಇನ್‌ಫ್ರಾರೆಡ್ ಕಿರಣಗಳು ಗಾಜಿನ ಮೇಲೆ ಅಡ್ಡಡ್ಡ ಹಾಯುತ್ತಿರುತ್ತವೆ, ಕಿರಣಕ್ಕೆ ಏನೇ ಅಡ್ಡ ಬಂದರೂ ಅದು ಬೆರಳು ಅಂತಲೇ ಲೆಕ್ಕ. ಮರದ ಸ್ಕೇಲ್ ಕೆಲಸ ಮಾಡಿದ್ದು ಅದಕ್ಕೇ. ಮೇಡಂ ಬರೆಯುತ್ತಾ ಪಕ್ಕಕ್ಕೆ ಸರಿದಾಗ ಸೆರಗು ತಾಗಿ ಪುಟ ಬದಲಾಗಿದ್ದೂ ಅದಕ್ಕೇ.

1954ರಲ್ಲಿ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ನಿಯಮ ಕಂಡುಕೊಂಡ: ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೊತ್ತು ಜಾಸ್ತಿ. ದೂರ ಎರಡರಷ್ಟಾದರೆ ಗುರಿಯನ್ನೂ ಎರಡರಷ್ಟು ದೊಡ್ಡದು ಮಾಡಿ ಸರಿದೂಗಿಸಬಹುದು. ಆದರೆ ಎಷ್ಟು ಅಂತ ದೊಡ್ಡದು ಮಾಡ್ತೀರಿ? (ಮೌಸ್ ಇದ್ದರೆ ಪರದೆಯ ಅಂಚೇ ಒಂದು ಅನುಕೂಲ, ಬಾಣ ಅಲ್ಲಿಗೆ ಹೋಗಿ ತಾನೇ ನಿಲ್ಲುತ್ತದೆ. ಬೆರಳು ನಿಲ್ಲುವುದಿಲ್ಲ, ಗೋಡೆಗೆ ಹೋಗುತ್ತದೆ.)

ಅದಕ್ಕೇ ನಾನೀಗ ಮಾಡುವುದು ಉಲ್ಟಾ ಕೆಲಸ, ಬಟನ್ನೇ ಕೈಯಿದ್ದಲ್ಲಿಗೆ ಬರಬೇಕು. ಪರದೆಯ ಮೇಲೆ ಎಲ್ಲೇ ಆಗಲಿ ಬೆರಳು ಒತ್ತಿ ಹಿಡಿದರೆ ಅಲ್ಲೇ ಮೆನು ಬಿಚ್ಚಿಕೊಳ್ಳುತ್ತದೆ. ಯೋಚನೆ ಹೊಸದೇನಲ್ಲ. 2003ರಲ್ಲೇ ಪ್ಯಾಟ್ರಿಕ್ ಬೌಡಿಶ್ ಎಂಬ ಕಂಪ್ಯೂಟರ್ ಸಂಶೋಧಕ ಮತ್ತು ಜೊತೆಗಾರರು 'ಡ್ರ್ಯಾಗ್ ಆ್ಯಂಡ್ ಪಾಪ್' ಅಂತ ಒಂದನ್ನು ಮಾಡಿದ್ದರು. ಫೈಲ್ ಎಳೆಯಲು ಶುರು ಮಾಡಿದ ಕೂಡಲೇ ಆ ದಿಕ್ಕಿನಲ್ಲಿರುವ ಫೋಲ್ಡರ್‌ಗಳ ನಕಲು ಪಕ್ಕಕ್ಕೇ ಬಂದು ನಿಲ್ಲುತ್ತಿತ್ತು.

'ನಿಜವಾಗಲೂ ಅಳಿಸಬೇಕೇ?' ಅಂತ ಕೇಳುವ ಪೆಟ್ಟಿಗೆಯೂ ಹೀಗೆ ಕೈ ಪಕ್ಕದಲ್ಲೇ ಏಳಬೇಕು. ಎಡತುದಿಯಲ್ಲಿ ಗಾಜಿಗೆ ಅಂಟಿಕೊಂಡಂತೆ ನಿಂತವರಿಗೆ ಒಂದು ಮೀಟರ್ ಆಚೆ ನಡುವಿನಲ್ಲಿ ಎದ್ದ ಪೆಟ್ಟಿಗೆ ಕಣ್ಣಿಗೇ ಬೀಳುವುದಿಲ್ಲ. ಕೆಟ್ಟು ನಿಂತಿದೆ ಅಂದುಕೊಂಡು ಸುಮ್ನೆ ಕುಟ್ಟುತ್ತಲೇ ಇರುತ್ತಾರೆ.

ಕನ್ನಡದ್ದೇ ಒಂದು ಗೋಳಿದೆ. ಇಂಗ್ಲಿಷ್‌ಗೆ ಸಾಕಾದ ಅಕ್ಷರದ ಅಳತೆಯಲ್ಲಿ ನಮ್ಮ ಒತ್ತಕ್ಷರಗಳು ಹಿಂದಿನ ಬೆಂಚಿಗೆ ಬರೀ ಚುಕ್ಕಿ. ಅಳತೆ ಹೆಚ್ಚಿಸಿ, ಸಾಲುಗಳ ನಡುವೆಯೂ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಗುದ್ದುತ್ತದೆ.

ಇದ್ಯಾವುದೂ ಲ್ಯಾಪ್‌ಟಾಪಿನಲ್ಲಿ ಗೊತ್ತಾಗುವುದಿಲ್ಲ. ನಾವೀಗ ಕಂದು ಕಾಗದವನ್ನು ನಿಜವಾದ ಅಳತೆಗೆ ಕತ್ತರಿಸಿ, ಗೋಡೆಗೆ ಅಂಟಿಸಿ, ಬಟನ್‌ಗಳನ್ನು ಮಾರ್ಕರ್‌ನಲ್ಲಿ ಬರೆದು, ಆಫೀಸಿನಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರನ್ನು ಮೊದಲು ನಿಲ್ಲಿಸುತ್ತೇವೆ.

ಬಗೆಹರಿಯದೆ ಉಳಿದದ್ದು ಒಂದು. ಇಬ್ಬರು ಮಕ್ಕಳು ಒಟ್ಟಿಗೆ ಬರೆಯುವಾಗ ಯಾವ ಬೆರಳು ಯಾರದ್ದು ಅಂತ ಪರದೆಗೆ ಗೊತ್ತಾಗದು. ನಡುವೆ ಗೆರೆ ಎಳೆದು, ಆಚೆಗೊಂದು ಈಚೆಗೊಂದು ಅಳಿಸುವ ಬಟನ್ ಕೊಟ್ಟೆವು. ಗೆರೆ ದಾಟಿ ಪಕ್ಕದವನ ಲೆಕ್ಕ ಅಳಿಸಿ ಕಿಸಕ್ಕನೆ ನಗುವವರಿಗೆ ಏನು ಮಾಡುವುದು, ನನಗಂತೂ ಹೊಳೆದಿಲ್ಲ.