ವಾಯುಭಾರ ಕುಸಿತ ಅಂದರೆ ಮಳೆ ಗ್ಯಾರಂಟಿನಾ?

ಏಪ್ರಿಲ್ ಕಳೆದು ಮೇ ಕಾಲಿಟ್ಟರೆ ಸಾಕು, ಟೀವಿಯ ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಓಡಲು ಶುರುವಾಗುತ್ತದೆ: ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ರಾಜ್ಯದಲ್ಲಿ ಇನ್ನೂ 5 ದಿನ ಮಳೆ’. ಇದನ್ನು ಓದಿದ ಮೈಸೂರಿನವರು ಮಹಡಿ ಮೇಲೆ ಒಣಹಾಕಿದ ಹಪ್ಪಳವನ್ನು ಒಳಗೆ ತರುತ್ತಾರೆ. ಕಲಬುರಗಿಯವರು ಹೊರಗಿನ ಬಿಸಿಲು ನೋಡಿ ಚಾನೆಲ್ ಬದಲಿಸುತ್ತಾರೆ. ಇಬ್ಬರೂ ಸರಿಯೇ ಇರಬಹುದು. ಯಾಕೆಂದರೆ ಕುಸಿತ ಆಗಿರುವುದು ಎಲ್ಲಿ, ಎಷ್ಟು, ಅದು ಯಾವ ಕಡೆ ಹೊರಟಿದೆ ಅನ್ನುವುದೇ ಆ ಸಾಲಿನಲ್ಲಿ ಇರುವುದಿಲ್ಲ. ನಮ್ಮೂರಿಗೆ ಮಳೆ ಬರುತ್ತದೋ ಇಲ್ಲವೋ ಅನ್ನುವುದು ನಿಂತಿರುವುದು ಅದರ ಮೇಲೆಯೇ.

ಮೊದಲು ವಾಯುಭಾರದ ವಿಷಯ. ಗಾಳಿಗೂ ತೂಕವಿದೆ. ತಲೆಯ ಮೇಲಿರುವ ಅಷ್ಟೂ ಗಾಳಿ ತನ್ನ ತೂಕದಿಂದ ನೆಲವನ್ನು, ಸಮುದ್ರವನ್ನು ಒತ್ತುತ್ತಿರುತ್ತದೆ. ಅದನ್ನು ಹೆಕ್ಟೊಪ್ಯಾಸ್ಕಲ್‌ನಲ್ಲಿ ಅಳೆಯುತ್ತಾರೆ. ಹಳಬರು ಮಿಲಿಬಾರ್ ಅನ್ನುತ್ತಾರೆ, ಲೆಕ್ಕ ಎರಡೂ ಒಂದೇ. ಸಮುದ್ರ ಮಟ್ಟದಲ್ಲಿ ಸರಾಸರಿ 1013. ಸಮುದ್ರದ ಯಾವುದೋ ಒಂದು ಭಾಗದಲ್ಲಿ ಈ ಅಂಕಿ ಸುತ್ತಲಿನ ಜಾಗಕ್ಕಿಂತ ಕೆಲವು ಅಂಕ ಇಳಿದರೆ ಅಲ್ಲಿ ವಾಯುಭಾರ ಕುಸಿದಿದೆ ಅಂತ ಅರ್ಥ.

‘ಸುತ್ತಲಿನ ಜಾಗಕ್ಕಿಂತ’ ಅನ್ನುವುದನ್ನು ಮರೆಯಬೇಡಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಭಾರ ದಿನಾ 910ರ ಆಸುಪಾಸು. 2020ರ ಮೇ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದ ಅಂಫಾನ್ ಸೂಪರ್ ಸೈಕ್ಲೋನಿನ ನಟ್ಟನಡುವೆ ಹವಾಮಾನ ಇಲಾಖೆ ಅಂದಾಜಿಸಿದ್ದು 920. ಅಂದರೆ ಜಯನಗರದಲ್ಲಿ ಕೂತು ಕಾಫಿ ಕುಡಿಯುವವರು ಅಂಫಾನಿನ ಕಣ್ಣಿಗಿಂತ ಕಡಿಮೆ ಒತ್ತಡದಲ್ಲಿ ಆರಾಮಾಗಿದ್ದಾರೆ! ಜಯನಗರದ ಅಕ್ಕಪಕ್ಕ ಎಲ್ಲ ಕಡೆಯೂ ಹೆಚ್ಚುಕಮ್ಮಿ ಅಷ್ಟೇ ಒತ್ತಡ ಇರುವುದರಿಂದ ಗಾಳಿಗೆ ಎಲ್ಲಿಗೂ ನುಗ್ಗುವ ಅವಸರ ಇಲ್ಲ. ಅಂಫಾನಿನಲ್ಲಿ ನಡುವಿಗೂ ಅಂಚಿಗೂ ಭಾರಿ ಅಂತರ ಇತ್ತು. ಗಾಳಿಯನ್ನು ಓಡಿಸುವುದು ಆ ಅಂತರ. ಅದಕ್ಕೇ ಹವಾಮಾನ ಇಲಾಖೆಯವರು ಎತ್ತರದ ಊರುಗಳ ಅಂಕಿಯನ್ನು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿಯೇ ನಕ್ಷೆ ಬರೆಯುತ್ತಾರೆ.

ಇನ್ನು ಕುಸಿತ ಆಗುವುದು ಯಾಕೆ? ಬೇಸಿಗೆಯ ಬಿಸಿಲಿಗೆ ಸಮುದ್ರದ ಮೇಲ್ಪದರ ಕಾಯುತ್ತದೆ. ಚಂಡಮಾರುತ ಏಳಲು ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು. ಏಪ್ರಿಲ್–ಮೇ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲೂ ಅರಬ್ಬಿ ಸಮುದ್ರದಲ್ಲೂ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ತೇವ ತುಂಬಿದ ಬಿಸಿ ಗಾಳಿ ಮೇಲೇರುತ್ತದೆ, ಮೇಲೆ ತಣ್ಣಗಾಗಿ ಮೋಡ ಕಟ್ಟುತ್ತದೆ. ಆವಿ ಹನಿಯಾಗುವಾಗ ಶಾಖ ಬಿಡುತ್ತದೆ. ಆ ಶಾಖ ಗಾಳಿಯನ್ನು ಇನ್ನಷ್ಟು ಮೇಲೆತ್ತುತ್ತದೆ, ಕೆಳಗೆ ಒತ್ತಡ ಇನ್ನಷ್ಟು ಇಳಿಯುತ್ತದೆ, ಖಾಲಿಯಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಹಾಗೆ ನುಗ್ಗುವ ಗಾಳಿ ನೆಟ್ಟಗೆ ಬರದೆ ಸುತ್ತುತ್ತಾ ಬರುತ್ತದೆ. ನಮ್ಮ ಉತ್ತರ ಗೋಳಾರ್ಧದಲ್ಲಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ. ಈ ವಿರುದ್ಧ ದಿಕ್ಕಿನ ಮಾತು ಮುಂದೆ ಬೇಕಾಗುತ್ತದೆ.

ಹಾಗಾದರೆ ಜುಲೈ–ಆಗಸ್ಟ್‌ನಲ್ಲೂ ನೀರು ಬಿಸಿಯೇ ಇರುತ್ತದಲ್ಲ, ಆಗ ಯಾಕೆ ದೊಡ್ಡ ಚಂಡಮಾರುತಗಳಿಲ್ಲ? ಮುಂಗಾರಿನಲ್ಲಿ ಕೆಳಗೆ ಪಶ್ಚಿಮದ ಗಾಳಿ, ತುಂಬಾ ಮೇಲೆ ಪೂರ್ವದ ಗಾಳಿ, ಎರಡೂ ಜೋರು. ಮೇಲೆದ್ದ ಮೋಡದ ಕಂಬ ನೆಟ್ಟಗೆ ನಿಲ್ಲುವುದೇ ಇಲ್ಲ. ಹಾಗಾಗಿ ನಮ್ಮ ಎರಡೂ ಸಮುದ್ರಗಳಲ್ಲಿ ಚಂಡಮಾರುತದ ಕಾಲ ಅಂದರೆ ಮುಂಗಾರಿಗೆ ಮುಂಚೆ ಮತ್ತು ಮುಂಗಾರು ಮುಗಿದ ಮೇಲೆ.

ಕುಸಿತದಲ್ಲಿ ಮೆಟ್ಟಿಲುಗಳಿವೆ. ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರ್ ಮುಟ್ಟುವ ತನಕ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 49 ಇದ್ದರೆ ವಾಯುಭಾರ ಕುಸಿತ. 50ರಿಂದ 61 ಆದರೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದ ಮೇಲಷ್ಟೇ ಚಂಡಮಾರುತ. ಅಲ್ಲಿಂದ ಮುಂದೆ ತೀವ್ರ, ಅತಿ ತೀವ್ರ ಅಂತ ಏರುತ್ತಾ ಹೋಗಿ 222 ದಾಟಿದರೆ ಸೂಪರ್ ಸೈಕ್ಲೋನ್. ನಮ್ಮ ಸುದ್ದಿಯಲ್ಲಿ ಮೊದಲ ಮೆಟ್ಟಿಲಿಗೂ ಎರಡನೆಯದಕ್ಕೂ ‘ವಾಯುಭಾರ ಕುಸಿತ’ ಅಂತಲೇ ಹಾಕುತ್ತಾರೆ. ಮೊದಲ ಮೆಟ್ಟಿಲು ಹತ್ತಿದ್ದೆಲ್ಲ ಎರಡನೆಯದಕ್ಕೆ ಹೋಗುವುದಿಲ್ಲ. ಎಷ್ಟೋ ಕಡಿಮೆ ಒತ್ತಡಗಳು ಎರಡು ದಿನ ಸಮುದ್ರದ ಮೇಲೆ ಓಲಾಡಿ ಹೇಳಹೆಸರಿಲ್ಲದೆ ಕರಗಿಹೋಗುತ್ತವೆ.

‘ಹೇಳಹೆಸರಿಲ್ಲದೆ’ ಅಂದದ್ದು ಸುಮ್ನೆ ಅಲ್ಲ. ಹೆಸರು ಸಿಗುವುದು 62 ಮುಟ್ಟಿದ ಮೇಲೆಯೇ. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ಬಿರುಗಾಳಿಗಳಿಗೆ ಭಾರತ, ಬಾಂಗ್ಲಾದೇಶ, ಒಮಾನ್, ಯೆಮೆನ್ ಸೇರಿ 13 ದೇಶಗಳು ಮೊದಲೇ ಹೆಸರು ಕೊಟ್ಟಿಟ್ಟಿವೆ. 2020ರ ಏಪ್ರಿಲ್‌ನಲ್ಲಿ ಬಂದ ಪಟ್ಟಿಯಲ್ಲಿ 169 ಹೆಸರುಗಳಿವೆ. ಸರದಿಯ ಪ್ರಕಾರ ಒಂದೊಂದನ್ನೇ ದೆಹಲಿಯ ಹವಾಮಾನ ಇಲಾಖೆ ಇಡುತ್ತದೆ. ಪಟ್ಟಿ ಎಲ್ಲರ ಕೈಯಲ್ಲೂ ಇರುವುದರಿಂದ ಒಂದು ಫಜೀತಿ ಉಂಟು. 2025ರ ಮೇ ತಿಂಗಳಲ್ಲಿ ‘ಶಕ್ತಿ ಚಂಡಮಾರುತ ಬರುತ್ತಿದೆ’ ಅಂತ ಎಲ್ಲೆಲ್ಲೂ ಸುದ್ದಿ. ಆಗ ಅರಬ್ಬಿ ಸಮುದ್ರದಲ್ಲಿ ಆದದ್ದು ವಾಯುಭಾರ ಕುಸಿತ ಅಷ್ಟೇ. ಅದು ಮೇ 24ರಂದು ಮಹಾರಾಷ್ಟ್ರದ ರತ್ನಗಿರಿ ಹತ್ತಿರ ದಡ ಸೇರಿತು, ಹೆಸರಿನ ಮೆಟ್ಟಿಲು ಹತ್ತಲೇ ಇಲ್ಲ. ನಿಜವಾದ ‘ಶಕ್ತಿ’ ಎದ್ದದ್ದು ಅಕ್ಟೋಬರ್‌ನಲ್ಲಿ. ಸುದ್ದಿಯವರು ಹುಟ್ಟುವ ಮೊದಲೇ ನಾಮಕರಣ ಮುಗಿಸಿದ್ದರು.

ಹೆಸರಿನ ಮಾತು ಬಂತು ಅಂತ ಇನ್ನೊಂದು. 2023ರ ಮೇ ತಿಂಗಳಲ್ಲಿ ಮ್ಯಾನ್ಮಾರಿಗೆ ಅಪ್ಪಳಿಸಿದ ಚಂಡಮಾರುತ ‘ಮೋಖಾ’. ಹೆಸರು ಕೊಟ್ಟದ್ದು ಯೆಮೆನ್, ಅಲ್ಲಿನ ಹಳೆಯ ಬಂದರಿನ ಹೆಸರು ಅದು. ಬಾಬಾ ಬುಡನ್ ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಅನ್ನುವ ಕಥೆಯಲ್ಲಿ ಬರುವ ಮೋಖಾ ಇದೇ.

ಕಾಫಿ ಸೀಮೆಯಲ್ಲಿ ಬೇಸಿಗೆ ಮಳೆಗೆ ಬೇರೆಯೇ ಲೆಕ್ಕ. ಕೊಡಗಿನಲ್ಲೋ ಸಕಲೇಶಪುರದಲ್ಲೋ ಮಾರ್ಚ್ ತಿಂಗಳ ಒಂದು ಬೆಳಗ್ಗೆ ಇಬ್ಬರು ಬೆಳೆಗಾರರು ಸಿಕ್ಕಿದರೆ ಕುಶಲ ವಿಚಾರಿಸುವ ಮೊದಲೇ, ‘ನಿಮ್ ಕಡೆ ಎಷ್ಟಾಯ್ತು?’ ‘ಅರವತ್ತು ಸೆಂಟ್ಸ್ ಅಷ್ಟೇ, ನಿಮ್ದು?’ ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ಅರವತ್ತು ಸೆಂಟ್ಸ್ ಅಂದರೆ ಸುಮಾರು 15 ಮಿಲಿಮೀಟರ್. ಕಾಫಿ ಗಿಡ ಹೂ ಬಿಡಲು ಬೇಕಾದ ಈ ಹೂ ಮಳೆ ಒಂದು ಇಂಚಿನಷ್ಟಾದರೂ ಬಿದ್ದರೆ ಎಂಟು–ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಅರೆಬರೆ ಬಿದ್ದರೆ ಮೊಗ್ಗು ಅರ್ಧಕ್ಕೇ ನಿಂತುಬಿಡುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು, ಅದು ಬ್ಯಾಕಿಂಗ್ ಮಳೆ. ಪಕ್ಕದ ತೋಟಕ್ಕೆ ಒಂದೂವರೆ ಇಂಚು ಬಿದ್ದು ನಮ್ಮದಕ್ಕೆ ಇಪ್ಪತ್ತು ಸೆಂಟ್ಸ್ ಬೀಳುವುದೂ ಮಾಮೂಲಿ. ಈ ಮಳೆಗೆ ಸಾಮಾನ್ಯವಾಗಿ ವಾಯುಭಾರ ಕುಸಿತದ ಹಂಗೇ ಇರುವುದಿಲ್ಲ.

ಇಲ್ಲೇ ಜನ ಎಡವುವುದು. ಮಾರ್ಚ್‌ನಿಂದ ಮೇವರೆಗೆ ನಮಗೆ ಬರುವ ಮಳೆಯಲ್ಲಿ ಎರಡು ಜಾತಿ. ಒಂದು, ಇಲ್ಲೇ ಹುಟ್ಟಿ ಇಲ್ಲೇ ಸುರಿಯುವ ಗುಡುಗು ಮಳೆ. ಎರಡೂ ಸಮುದ್ರಗಳಿಂದ ಬರುವ ತೇವದ ಗಾಳಿ ಒಳನಾಡಿನ ಮೇಲೆ ಒಂದಕ್ಕೊಂದು ಎದುರಾಗುವ ಒಂದು ಉದ್ದದ ಗೆರೆ ಇರುತ್ತದೆ. ಬೇಸಿಗೆಯಲ್ಲಿ ಅದು ಎಷ್ಟೋ ದಿನ ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನವರೆಗೆ ಚಾಚಿರುತ್ತದೆ. ಹವಾಮಾನ ವರದಿಯ ‘ದ್ರೋಣಿ’ ಇದೇ. ಬೆಳಗ್ಗೆಯಿಂದ ಬಿಸಿಲು ಚುರುಗುಟ್ಟುತ್ತದೆ. ಮೂರು ಗಂಟೆ ಹೊತ್ತಿಗೆ ಒಂದು ದಿಕ್ಕಿನಲ್ಲಿ ಮಾತ್ರ ಕಪ್ಪು. ಮೊದಲು ಧೂಳಿನ ಗಾಳಿ, ಎಲ್ಲೋ ಒಂದು ಕೊಂಬೆ ಮುರಿದ ಸದ್ದು, ಕರೆಂಟ್ ಹೋಯಿತು, ಆಮೇಲೆ ದಪ್ಪ ದಪ್ಪ ಹನಿ, ನಡುನಡುವೆ ಆಲಿಕಲ್ಲು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಆಕಾಶ ತಿಳಿ. ಯಲಹಂಕದ ಅಂಡರ್‌ಪಾಸ್ ತುಂಬಿರುತ್ತದೆ, ಬನಶಂಕರಿಯಲ್ಲಿ ನೆಲವೂ ನೆನೆದಿರುವುದಿಲ್ಲ. ಸಿಡಿಲಿನ ಅಪಾಯ ಜಾಸ್ತಿ ಇರುವುದೂ ಈ ಮಳೆಯಲ್ಲೇ. ಮಾವಿನ ಹೊಯ್ಲು, ಅಶ್ವಿನಿ, ಭರಣಿ ಅಂತ ನಮ್ಮ ಹಿರಿಯರು ಲೆಕ್ಕ ಇಟ್ಟದ್ದು ಬಹುಪಾಲು ಇದನ್ನೇ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಅನ್ನುವ ಗಾದೆಯ ಭರಣಿ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ. ಚಾಮರಾಜನಗರ, ಮೈಸೂರು ಕಡೆಯ ರೈತರು ಎಳ್ಳು, ಹೆಸರು, ಅಲಸಂದೆ ಬಿತ್ತುವುದು ಇಂಥ ಮಳೆ ನಂಬಿಕೊಂಡೇ.

ಇನ್ನೊಂದು ಸಮುದ್ರದ ಕುಸಿತದಿಂದ ಬರುವ ಮಳೆ. ಬೆಳಗ್ಗೆ ಎದ್ದಾಗಲೇ ಆಕಾಶ ಬೂದಿ ಬಣ್ಣ. ಗುಡುಗು ಕಡಿಮೆ, ಬಿಸಿಲಿಲ್ಲ, ಜಿಟಿಜಿಟಿ ಹನಿ. ಒಂದೆರಡು ಬಡಾವಣೆಗಲ್ಲ, ಜಿಲ್ಲೆಗೆ ಜಿಲ್ಲೆಯೇ ನೆನೆಯುತ್ತದೆ. 2022ರ ಮೇ ತಿಂಗಳಲ್ಲಿ ಅಸಾನಿ ಚಂಡಮಾರುತ ಆಂಧ್ರ ಕರಾವಳಿಯ ಹತ್ತಿರ ಬಂದು ಬಲಗುಂದಿದಾಗ ಬೆಂಗಳೂರಿನವರು ನಡು ಬೇಸಿಗೆಯಲ್ಲಿ ಸ್ವೆಟರ್ ಹುಡುಕಿದ್ದರು. ಟೀವಿ ಸಾಲಿನಲ್ಲಿ ‘ವಾಯುಭಾರ ಕುಸಿತ’ ಅಂತ ಇದ್ದು, ಹೊರಗೆ ಸಂಜೆ ನಾಲ್ಕಕ್ಕೆ ಗುಡುಗಿ ಐದಕ್ಕೆ ಬಿಸಿಲು ಬಂದರೆ, ಅಂದಿನ ಮಳೆ ಬಹುಶಃ ದ್ರೋಣಿಯದ್ದು, ಕುಸಿತಕ್ಕೆ ಪುಕ್ಕಟೆ ಹೆಸರು ಬಂತು ಅಷ್ಟೇ.

ಈಗ ಗಡಿಯಾರದ ಮುಳ್ಳಿಗೆ ಬರೋಣ. ಗಾಳಿ ಮುಳ್ಳಿನ ವಿರುದ್ಧ ಸುತ್ತುವುದರಿಂದ ಬಿರುಗಾಳಿಯ ಪೂರ್ವ ಮಗ್ಗುಲಲ್ಲಿ ಗಾಳಿ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ನಮ್ಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿತು. ಅದು ದಡ ಮುಟ್ಟಿದ್ದು ದೂರದ ಗುಜರಾತಿನಲ್ಲಿ, ಮೇ 17ರ ರಾತ್ರಿ. ಆದರೆ ಅದರ ಪೂರ್ವ ಮಗ್ಗುಲು ನಮ್ಮ ಕರಾವಳಿಯ ಮೇಲಿತ್ತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಕ್ಕೆ ತೇವದ ಗಾಳಿ ನುಗ್ಗಿ ಘಟ್ಟಕ್ಕೆ ಬಡಿದು ಸುರಿಯಿತು, ಉಳ್ಳಾಲದ ಕಡೆ ಕಡಲ್ಕೊರೆತ ಆಯಿತು. ಮೀನುಗಾರರ ಬಾಯಲ್ಲಿ ಇದು ‘ತೂಫಾನ್’. ತೂಫಾನ್ ಎಲ್ಲಿ ದಡ ಮುಟ್ಟುತ್ತದೆ ಅನ್ನುವುದಕ್ಕಿಂತ ಅದರ ಯಾವ ಮಗ್ಗುಲಲ್ಲಿ ನಾವಿದ್ದೇವೆ ಅನ್ನುವುದು ಅವರಿಗೆ ಮುಖ್ಯ.

ಅದೇ ಬಿರುಗಾಳಿ ದೂರದಲ್ಲಿದ್ದರೆ ಮಳೆ ಕಸಿದುಕೊಳ್ಳಲೂಬಹುದು. ಇದನ್ನು ಟೀವಿ ಹೇಳುವುದು ಅಪರೂಪ. 2019ರ ‘ವಾಯು’, 2023ರ ‘ಬಿಪರ್‌ಜಾಯ್’ ಎರಡೂ ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದವು. ಎರಡೂ ವರ್ಷ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ, ವಾಡಿಕೆಗಿಂತ ಒಂದು ವಾರ ತಡ. ಬಂದ ಮೇಲೂ ಮುಂಗಾರಿನ ತೇವವನ್ನು ಆ ಬಿರುಗಾಳಿಗಳು ತಮ್ಮತ್ತ ಎಳೆದುಕೊಂಡು ಹೋದವು. ಬಿತ್ತನೆಗೆ ಕಾಯುತ್ತಿದ್ದ ಒಳನಾಡು ಆಕಾಶ ನೋಡುತ್ತಾ ಕೂತಿತು. ಬಂಗಾಳ ಕೊಲ್ಲಿಯ ಉತ್ತರ ತುದಿಯಲ್ಲಿ, ಒಡಿಶಾ–ಬಂಗಾಳದ ಕಡೆ, ಕುಸಿತ ಆದಾಗಲೂ ಹಾಗೇ: ಗಾಳಿ ನಮ್ಮನ್ನು ದಾಟಿ ಆ ಕಡೆ ಓಡುತ್ತದೆ. ಕರಾವಳಿಗೆ ಒಂದಿಷ್ಟು ಸಿಗಬಹುದು, ಬಯಲುಸೀಮೆಗೆ ಸಿಗುವುದು ಬರೀ ಗಾಳಿ.

ಮೊಬೈಲಿನಲ್ಲಿ ಬಣ್ಣಬಣ್ಣದ ನಕ್ಷೆ ನೋಡುವ ಹವ್ಯಾಸ ಈಗ ಊರೂರಲ್ಲೂ ಇದೆ, ನನಗೂ ಇದೆ. ಅಮೆರಿಕದ ಜಿಎಫ್‌ಎಸ್ ಮಾದರಿ (ಮುಂದಿನ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹದಿನೈದು ದಿನ ಮುಂಚೆಯೇ ಕೆಂಪು ಸುಳಿಯೊಂದನ್ನು ಬರೆದು ತೋರಿಸುತ್ತದೆ. ನಾಳೆ ನೋಡಿದರೆ ಅದು ಒಮಾನ್ ಕಡೆ, ನಾಡಿದ್ದು ನೋಡಿದರೆ ಇಲ್ಲವೇ ಇಲ್ಲ. ಯುರೋಪಿನ ಮಾದರಿಯೂ ಅಷ್ಟು ದೂರಕ್ಕೆ ನಂಬಿಕಸ್ತ ಅಲ್ಲ. ನಾಲ್ಕೈದು ದಿನದೊಳಗೆ ಎರಡೂ ಒಂದೇ ಮಾತು ಹೇಳಿದರೆ ಆಗ ಕಿವಿಗೊಡಬಹುದು. ಹವಾಮಾನ ಇಲಾಖೆಯೂ ಕುಸಿತದ ಸಾಧ್ಯತೆಯನ್ನು ಕಡಿಮೆ, ಮಧ್ಯಮ, ಹೆಚ್ಚು ಅಂತ ವಿಂಗಡಿಸಿ ಹೇಳುತ್ತದೆ. ‘ಕಡಿಮೆ’ ಅಂದರೆ ನೂರಕ್ಕೆ 33 ಅಥವಾ ಅದಕ್ಕಿಂತ ಕೆಳಗೆ. ಅದನ್ನೇ ಯಾರೋ ‘ಚಂಡಮಾರುತದ ಭೀತಿ’ ಅಂತ ಫಾರ್ವರ್ಡ್ ಮಾಡಿರುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ನಿಜಕ್ಕೂ ಎಷ್ಟು ಬಿತ್ತು ಅಂತ ಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಅವರದ್ದೇ ‘ಸಿಡಿಲು’ ಆ್ಯಪ್ ಬೇಸಿಗೆಯಲ್ಲಿ ಹೊಲದಲ್ಲಿರುವವರಿಗೆ ನಕ್ಷೆಗಿಂತ ಜಾಸ್ತಿ ಉಪಯೋಗ.

ಕೊನೆಗೆ ಒಂದು ಲೆಕ್ಕದ ತಮಾಷೆ. ಹವಾಮಾನ ಇಲಾಖೆಯ ಪುಸ್ತಕದಲ್ಲಿ ಮುಂಗಾರು ಪೂರ್ವ ಮಳೆ ಅಂದರೆ ಮಾರ್ಚ್ 1ರಿಂದ ಮೇ 31ರವರೆಗೆ ಬಿದ್ದದ್ದು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ಮೇ 26ಕ್ಕೆ ಮುಂಬೈ ಮುಟ್ಟಿತು. ರತ್ನಗಿರಿಯ ಆ ಹೆಸರಿಲ್ಲದ ಕುಸಿತವೂ ಸೇರಿಕೊಂಡು ಕರಾವಳಿ, ಮಲೆನಾಡು ಎಲ್ಲ ತೋಯ್ದವು. ಆದರೂ ಆ ಕೊನೆಯ ವಾರದ ಮಳೆಯೆಲ್ಲ ಪುಸ್ತಕದಲ್ಲಿ ಜಮೆಯಾದದ್ದು ಮುಂಗಾರು ಪೂರ್ವದ ಖಾತೆಗೆ. ಆ ವರ್ಷದ ಬೇಸಿಗೆ ಮಳೆಯ ಅಂಕಿ ಯಾರಾದರೂ ತೋರಿಸಿ ಬೆರಗಾದರೆ, ಅದರಲ್ಲಿ ಮುಂಗಾರಿನ ಪಾಲೂ ಇದೆ ಅಂತ ನೆನಪಿಡಿ.